ಹಂತಿಯ ಎತ್ತು, ಪ್ರೋಟಾನಿನ ಸುತ್ತು

ಮುಂಬಯಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಊರಿನಿಂದ ಬರುವ ನೆಂಟರು ಎರಡು ಬಗೆ. ಮದುವೆಯ ಜವಳಿಗೆಂದೋ ಸಮುದ್ರ ನೋಡಲೆಂದೋ ಬರುವವರು ಒಂದು ಬಗೆ. ದೊಡ್ಡ ಲಕೋಟೆಯೊಂದನ್ನು ಮಳೆ ತಾಕದಂತೆ ಎದೆಗವಚಿಕೊಂಡು ರೈಲಿನಿಂದ ಇಳಿಯುವವರು ಇನ್ನೊಂದು ಬಗೆ. ಲಕೋಟೆಯೊಳಗೆ ಏನಿರುತ್ತದೆಂದು ನಾವು ಕೇಳುವುದಿಲ್ಲ. ಪರೇಲಿನ ಆಸ್ಪತ್ರೆಗೆ ಯಾವ ಬಸ್ಸು ಎಂದು ಅವರೇ ಕೇಳುತ್ತಾರೆ. ಇಂಥ ನೆಂಟರಿಗಾಗಿ ಒಂದು ಚಾಪೆ, ಒಂದು ಕಂಬಳಿ ಬೇರೆ ಎತ್ತಿಡದ ಕನ್ನಡ ಮನೆ ಈ ಊರಿನಲ್ಲಿ ವಿರಳವೆಂದೇ ಹೇಳಬೇಕು.

ಕಳೆದ ವರ್ಷದ ಮಳೆಗಾಲದಲ್ಲಿ ಚೆಂಬೂರಿನ ನಮ್ಮ ಎರಡು ಕೋಣೆಯ ಮನೆಗೆ ಹಾಗೆ ಮೂವರು ಬಂದರು. ಗದಗಿನ ಕಡೆಯ ಒಬ್ಬ ರೈತರು, ಅವರ ತಾಯಿ, ಅವರ ಒಂಬತ್ತು ವರ್ಷದ ಮಗ. ಹುಡುಗನಿಗೆ ಮಿದುಳಿನ ಬುಡದಲ್ಲಿ ಗಡ್ಡೆ. ಶಸ್ತ್ರಚಿಕಿತ್ಸೆಯಾಗಿತ್ತು, ಆದರೆ ಒಂದು ಪಾಲು ಕಣ್ಣಿನ ನರಕ್ಕೆ ಅಂಟಿಕೊಂಡು ಉಳಿದಿತ್ತು. ಅದನ್ನು ಕತ್ತರಿಸಹೋದರೆ ದೃಷ್ಟಿ ಹೋಗುವ ಭಯ, ಬಿಟ್ಟರೆ ಮತ್ತೆ ಬೆಳೆಯುವ ಭಯ. ವೈದ್ಯರು ಕೂಡಿ ಆಲೋಚಿಸಿ, ಖಾರಘರದಲ್ಲಿ ಪ್ರೋಟಾನ್ ಚಿಕಿತ್ಸೆ ಕೊಡಿಸೋಣ, ವಾರಕ್ಕೆ ಐದು ದಿನದಂತೆ ಆರು ವಾರ, ಎಂದು ಹೇಳಿದರು.

ಆ ರಾತ್ರಿ ಊಟವಾದ ಮೇಲೆ ಅಜ್ಜಿ ನಮ್ಮನ್ನು ಅಡಿಗೆಮನೆಯ ಬಾಗಿಲಿಗೆ ಕರೆದು ಮೆಲ್ಲಗೆ ಕೇಳಿದರು: “ತಮ್ಮಾ, ನೀ ಓದಿದಾಂವ, ಸರಕಾರದ ಕೆಲಸದಾಗ ಅದೀ. ನಮ್ಮ ಹುಡುಗನ ತಲೀಗೆ ಕರೆಂಟು ಹಾಯಸ್ತಾರಂತ. ಖರೇ ಏನು?”

“ಕರೆಂಟಲ್ಲ ಅಜ್ಜಿ, ಅದೊಂದು ಬಗೆಯ ಕಿರಣ,” ಎಂದೆವು.

“ಕಿರಣ ಹುಬ್ಬಳ್ಳ್ಯಾಗೂ ಕೊಡ್ತಾರ. ನಮ್ಮ ಓಣ್ಯಾಗ ಒಬ್ಬಾಕಿಗೆ ಕೊಟ್ಟಿದ್ರು. ಹಂಗಿದ್ರ ಇಷ್ಟು ದೂರ ಯಾಕ ಕಳಿಸ್ಯಾರ?”

ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಇತಿಹಾಸ, ಅರ್ಥಶಾಸ್ತ್ರ ಓದಿ ಬಿ.ಎ. ಮಾಡಿದವರು, ಹತ್ತನೆಯ ತರಗತಿ ಮುಗಿದ ದಿನ ಭೌತಶಾಸ್ತ್ರಕ್ಕೆ ಕೈಮುಗಿದು ಬಂದವರು. ಕಚೇರಿಯ ಕಡತದಲ್ಲಿ ಇಂಥ ಪ್ರಶ್ನೆ ಬಂದಿದ್ದರೆ ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ಮೇಲಿನವರ ಮೇಜಿಗೆ ಕಳಿಸಿಬಿಡುತ್ತಿದ್ದೆವು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಅಜ್ಜಿಯನ್ನು ಯಾರ ಮೇಜಿಗೆ ಕಳಿಸುವುದು? ಮರುದಿನ ಪಕ್ಕದ ಮನೆಯ ಹುಡುಗನ ಹನ್ನೆರಡನೆಯ ತರಗತಿಯ ಪುಸ್ತಕ ಕೇಳಿ ತಂದೆವು. ಮುಂದಿನ ನಾಲ್ಕಾರು ರಾತ್ರಿ ಅದರೊಡನೆ ನಡೆಸಿದ ಗುದ್ದಾಟದ ಫಲವೇ ಈ ಲೇಖನ. ತಿಳಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ, ನಮ್ಮಂಥವರಿಗಾಗಿ ಬರೆದದ್ದು.

ಪರಮಾಣುವಿನ ನಡುವೆ ಒಂದು ಬೀಜ, ಅದರ ಸುತ್ತ ಎಲೆಕ್ಟ್ರಾನುಗಳು ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಕೇಳಿರುತ್ತೇವೆ. ಎಲೆಕ್ಟ್ರಾನಿಗೆ ಋಣ ವಿದ್ಯುತ್ತು, ಬೀಜಕ್ಕೆ ಧನ ವಿದ್ಯುತ್ತು. ಎಲ್ಲಕ್ಕಿಂತ ಹಗುರಾದ ಜಲಜನಕದ ಪರಮಾಣುವಿನಿಂದ ಅದರ ಒಂದೇ ಒಂದು ಎಲೆಕ್ಟ್ರಾನನ್ನು ಕಿತ್ತುಬಿಟ್ಟರೆ ಉಳಿಯುವ ಬೀಜವೇ ಪ್ರೋಟಾನು. ಹುಡುಗನ ತಲೆಗೆ ಕಳಿಸುವುದು ಇದನ್ನು. ನಾವು ಕುಡಿಯುವ ನೀರಿನಲ್ಲಿರುವ ಜಲಜನಕದ ತಿರುಳೇ ಹೊರತು ಬೇರೆ ಯಾವ ವಿಷವೂ ಅಲ್ಲ. ಆದರೆ ಅದನ್ನು ಕಳಿಸುವ ವೇಗವಿದೆಯಲ್ಲ, ಅಲ್ಲಿದೆ ಎಲ್ಲ ವಿಶೇಷ.

ವಿದ್ಯುತ್ತನ್ನು ಹೊತ್ತ ಇಂಥ ಕಣವನ್ನು ಆಡಿಸಲು ಮನುಷ್ಯನ ಕೈಯಲ್ಲಿರುವ ಹಿಡಿಗಳು ಎರಡು. ಒಂದು ವಿದ್ಯುತ್ ಕ್ಷೇತ್ರ, ಇನ್ನೊಂದು ಕಾಂತಕ್ಷೇತ್ರ. ಇವೆರಡರ ಸ್ವಭಾವ ಬೇರೆ ಬೇರೆ. ವಿದ್ಯುತ್ ಕ್ಷೇತ್ರ ನೇರ ಸ್ವಭಾವದ್ದು: ಎರಡು ಲೋಹದ ತಗಡುಗಳ ನಡುವೆ ವೋಲ್ಟುಗಳ ವ್ಯತ್ಯಾಸ ಮಾಡಿಟ್ಟರೆ, ನಿಂತ ಪ್ರೋಟಾನನ್ನೂ ಅದು ಎಳೆದು ಓಡಿಸುತ್ತದೆ. ಎಷ್ಟು ವೋಲ್ಟು ದಾಟಿತೋ ಅಷ್ಟು ಶಕ್ತಿ ಗಳಿಸಿತು. ಒಂದು ವೋಲ್ಟು ದಾಟಿದಾಗ ಸಿಗುವ ಶಕ್ತಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಎಂದು ಹೆಸರು. ಕಾಂತಕ್ಷೇತ್ರದ ಬಗೆ ವಿಚಿತ್ರ. ನಿಂತ ಕಣವನ್ನು ಅದು ಮುಟ್ಟುವುದೇ ಇಲ್ಲ. ಕಣ ಓಡತೊಡಗಿದರೆ ಮಾತ್ರ ಎಚ್ಚರಗೊಂಡು ತಳ್ಳುತ್ತದೆ. ತಳ್ಳುವುದಾದರೂ ಮುಂದಕ್ಕಲ್ಲ, ಹಿಂದಕ್ಕೂ ಅಲ್ಲ, ಪಕ್ಕಕ್ಕೆ! ಪಕ್ಕಕ್ಕೆ ತಳ್ಳಿದ್ದರಿಂದ ದಾರಿ ತಿರುಗುತ್ತದೆ, ವೇಗ ಒಂದಿಷ್ಟೂ ಹೆಚ್ಚುವುದಿಲ್ಲ, ಕುಗ್ಗುವುದಿಲ್ಲ. ತಿರುಗಿದ ಮೇಲೆ ಮತ್ತೆ ಪಕ್ಕಕ್ಕೆ, ಮತ್ತೆ ಪಕ್ಕಕ್ಕೆ. ಕೊನೆಗೆ ಕಣ ವೃತ್ತವಾಗಿ ಸುತ್ತತೊಡಗುತ್ತದೆ.

ಇದನ್ನು ಓದುತ್ತಿದ್ದಂತೆ ನಮಗೆ ಬಾಲ್ಯದ ಒಂದು ಪೆಟ್ಟು ನೆನಪಾಯಿತು. ಆಗ ಮನೆಗಳಲ್ಲಿದ್ದ ಟಿ.ವಿ.ಗಳು ಬೆನ್ನು ಉಬ್ಬಿದ ಪೆಟ್ಟಿಗೆಗಳು. ಒಡೆದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ನಾವೊಮ್ಮೆ ಬಣ್ಣದ ಟಿ.ವಿ.ಯ ಗಾಜಿನ ಮೇಲೆ ಆಡಿಸಿದ್ದೆವು. ವಾರ್ತೆ ಓದುತ್ತಿದ್ದ ಮಹನೀಯರ ಕೆನ್ನೆ ಹಸುರಾಯಿತು, ಹಣೆ ನೇರಳೆಯಾಯಿತು. ಅಯಸ್ಕಾಂತ ತೆಗೆದರೂ ಕಲೆ ಹೋಗಲಿಲ್ಲ. ತಂದೆಯವರು ಕೊಟ್ಟ ಪೆಟ್ಟಿನ ಕಲೆ ಬೇಗ ಹೋಯಿತು. ಆ ಪೆಟ್ಟಿಗೆಯ ಬೆನ್ನಿನಲ್ಲಿ ಎಲೆಕ್ಟ್ರಾನುಗಳನ್ನು ವಿದ್ಯುತ್ ಕ್ಷೇತ್ರ ಓಡಿಸುತ್ತಿತ್ತು. ತಂತಿಸುರುಳಿಗಳ ಕಾಂತಕ್ಷೇತ್ರ ಅವುಗಳನ್ನು ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ತಿರುಗಿಸಿ ಗೆರೆಗೆರೆಯಾಗಿ ಚಿತ್ರ ಬರೆಯಿಸುತ್ತಿತ್ತು. ನಮ್ಮ ಅಯಸ್ಕಾಂತ ಅವುಗಳ ದಾರಿ ತಪ್ಪಿಸಿತ್ತು, ಅಷ್ಟೆ. ೧೮೯೭ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ನರು ಎಲೆಕ್ಟ್ರಾನನ್ನು ಕಂಡುಹಿಡಿದದ್ದೂ ಈ ಎರಡು ಹಿಡಿಗಳಿಂದಲೇ. ಗಾಜಿನ ನಳಿಗೆಯೊಳಗಿನ ಕಿರಣವನ್ನು ಒಮ್ಮೆ ವಿದ್ಯುತ್ತಿನಿಂದ, ಒಮ್ಮೆ ಕಾಂತದಿಂದ ಬಾಗಿಸಿ, ಬಾಗಿದ ಅಳತೆಯಿಂದ ಆ ಕಣ ಎಷ್ಟು ಹಗುರವೆಂದು ಲೆಕ್ಕ ಹಾಕಿದರು.

ಇಷ್ಟು ತಿಳಿದ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ವೃತ್ತಗಳನ್ನು ಬರೆದು ಹುಡುಗನಿಗೂ ಅವನ ತಂದೆಗೂ ಹೇಳಲು ಕುಳಿತೆವು. “ವೇಗ ಕಡಿಮೆಯಿದ್ದರೆ ಸಣ್ಣ ವೃತ್ತ, ಹೆಚ್ಚಾದರೆ ದೊಡ್ಡ ವೃತ್ತ. ವೇಗ ಎರಡರಷ್ಟಾದರೆ ವೃತ್ತವೂ ಎರಡರಷ್ಟು. ಹಾಗಾಗಿ ಒಂದು ಸುತ್ತಿಗೆ ಹಿಡಿಯುವ ಕಾಲ ಮಾತ್ರ ಒಂದೇ,” ಎಂದೆವು. ಕೊನೆಯ ಮಾತು ಪುಸ್ತಕದಿಂದ ಬಾಯಿಪಾಠ ಮಾಡಿದ್ದು. ನಮಗೇ ಅದು ಪೂರ್ತಿ ಮನಸ್ಸಿಗೆ ಇಳಿದಿರಲಿಲ್ಲ.

ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಿದ್ದ ಅಜ್ಜಿ ಕ್ಯಾಲೆಂಡರನ್ನು ಇಣುಕಿ ನೋಡಿ, “ಇದು ಹಂತಿ ಅಲ್ಲೇನೋ?” ಎಂದರು.

ನಾವು ಬೆರಗಾದೆವು. ಹಂತಿ ಕಾಣದ ಪಟ್ಟಣದ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಸುಗ್ಗಿಯಲ್ಲಿ ಜೋಳದ ತೆನೆಗಳನ್ನು ಕಣದಲ್ಲಿ ಹರಡಿ, ನಡುವೆ ಮೇಟಿಕಂಬ ನೆಟ್ಟು, ಎತ್ತುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಹಗ್ಗದಿಂದ ಕಟ್ಟಿ ಕಂಬದ ಸುತ್ತ ತುಳಿಸುತ್ತಿದ್ದರು. ಅದೇ ಹಂತಿ. ರಾತ್ರಿಯೆಲ್ಲ ಹಂತಿಯ ಪದ ಹಾಡುತ್ತ ಹೊಡೆಯುವವರೂ ಇದ್ದರು. ಈಗ ಯಂತ್ರಗಳು ಬಂದು ಕಣಗಳೇ ಮಾಯವಾಗಿವೆ. ಮೇಟಿಯ ಹತ್ತಿರದ ಎತ್ತು ಮೆಲ್ಲಗೆ ಹೆಜ್ಜೆ ಹಾಕುತ್ತದೆ, ಅದರ ಸುತ್ತು ಸಣ್ಣದು. ಸಾಲಿನ ಹೊರತುದಿಯ ಎತ್ತು ದಾಪುಗಾಲು ಹಾಕಬೇಕು, ಅದರ ಸುತ್ತು ದೊಡ್ಡದು. ಆದರೆ ಎರಡೂ ಒಂದು ಸುತ್ತು ಮುಗಿಸುವುದು ಒಂದೇ ಹೊತ್ತಿಗೆ. “ಹೊರಗಿನದಕ್ಕ ಗಟ್ಟಿ ಎತ್ತು ಕಟ್ತಿದ್ರು,” ಎಂದು ಅಜ್ಜಿ ಸೇರಿಸಿದರು. ಹಗ್ಗ ಎತ್ತನ್ನು ತಿರುಗಿಸುತ್ತದೆಯೇ ಹೊರತು ಓಡಿಸುವುದಿಲ್ಲ. ಓಡಿಸುವುದು ಹಿಂದಿರುವವನ ಬಾರುಕೋಲು. ಹಗ್ಗವೇ ಕಾಂತಕ್ಷೇತ್ರ, ಬಾರುಕೋಲೇ ವಿದ್ಯುತ್ ಕ್ಷೇತ್ರ. ಉಪಮಾನಕ್ಕೆ ಒಂದು ಕುಂದು ಉಂಟು: ಹಂತಿಯ ಎತ್ತುಗಳು ಒಂದಕ್ಕೊಂದು ಕಟ್ಟಿರುವುದರಿಂದ ಕೂಡಿ ಸುತ್ತುತ್ತವೆ, ಪ್ರೋಟಾನುಗಳನ್ನು ಯಾರೂ ಕಟ್ಟಿಲ್ಲ. ಕಟ್ಟದೆಯೇ ಅವು ಹಾಗೆ ಸುತ್ತುತ್ತವೆ. ಒಂದು ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ, ಅಂದರೆ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಕಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲಾದ ಕ್ಷೇತ್ರದಲ್ಲಿ, ಪ್ರೋಟಾನು ಸೆಕೆಂಡಿಗೆ ಸುಮಾರು ೧ ಕೋಟಿ ೫೨ ಲಕ್ಷ ಸುತ್ತು ಹಾಕುತ್ತದೆ. ಮೆಲ್ಲಗೆ ಓಡುವುದೂ ಅಷ್ಟೇ ಸುತ್ತು, ಜೋರಾಗಿ ಓಡುವುದೂ ಅಷ್ಟೇ ಸುತ್ತು.

ಈ ಒಂದು ಗುಣವನ್ನು ಕೆಲಸಕ್ಕೆ ಹಚ್ಚಿದವರು ಅಮೆರಿಕದ ಅರ್ನೆಸ್ಟ್ ಲಾರೆನ್ಸ್. ದಕ್ಷಿಣ ಡಕೋಟದ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ ೧೯೦೧ರಲ್ಲಿ ಹುಟ್ಟಿದವರು. ಆ ಕಾಲದಲ್ಲಿ ವಿಜ್ಞಾನಿಗಳೆಲ್ಲ ಪರಮಾಣುವಿನ ಬೀಜವನ್ನು ಒಡೆಯಲು ಲಕ್ಷ ಲಕ್ಷ ವೋಲ್ಟಿನ ಹಂಬಲದಲ್ಲಿದ್ದರು. ಅಷ್ಟು ವೋಲ್ಟನ್ನು ಒಂದೆಡೆ ಕೂಡಿಹಾಕಿದರೆ ಕಿಡಿ ಸಿಡಿದು ಸಲಕರಣೆಯೇ ಹಾಳಾಗುತ್ತಿತ್ತು. ೧೯೨೯ರಲ್ಲಿ ಒಂದು ದಿನ ಬರ್ಕ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಲಾರೆನ್ಸರ ಕೈಗೆ ಜರ್ಮನ್ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ನಾರ್ವೆಯ ಎಂಜಿನಿಯರ್ ರಾಲ್ಫ್ ವಿಡರೋ ಬರೆದ ಲೇಖನವಿತ್ತು. ಲಾರೆನ್ಸರಿಗೆ ಜರ್ಮನ್ ಚೆನ್ನಾಗಿ ಬಾರದು, ಚಿತ್ರಗಳನ್ನು ನೋಡಿದರು. ದೊಡ್ಡ ತಳ್ಳು ಒಂದೇ ಸಲ ಕೊಡುವ ಬದಲು ಸಣ್ಣ ತಳ್ಳನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ಕೊಡುವ ಉಪಾಯ ಅದು. ನಾಗರಪಂಚಮಿಯ ಜೋಕಾಲಿ ಜೀಕಿಸುವ ಹುಡುಗಿಯರಿಗೆ ಈ ಉಪಾಯ ಯಾರೂ ಕಲಿಸಬೇಕಾಗಿಲ್ಲ. ಆದರೆ ವಿಡರೋ ಅವರ ಕಣಗಳು ನೇರ ಗೆರೆಯಲ್ಲಿ ಓಡುತ್ತಿದ್ದವು. ತಳ್ಳು ಹೆಚ್ಚಾದಷ್ಟೂ ಯಂತ್ರ ಉದ್ದವಾಗುತ್ತಿತ್ತು. ಕಾಂತದಿಂದ ದಾರಿಯನ್ನು ಸುರುಳಿ ಸುತ್ತಿಬಿಟ್ಟರೆ ಒಂದೇ ಜಾಗದಲ್ಲಿ ನಿಂತು ಎಷ್ಟು ಸಲ ಬೇಕಾದರೂ ತಳ್ಳಬಹುದಲ್ಲ ಎಂದು ಲಾರೆನ್ಸರಿಗೆ ಹೊಳೆಯಿತು.

ಯಂತ್ರದ ಕಟ್ಟಡ ಸರಳ. ಚಕ್ಕುಲಿ ತುಂಬುವ ಚಪ್ಪಟೆ ದುಂಡು ಡಬ್ಬಿಯನ್ನು ನಡುವೆ ಸೀಳಿ ಎರಡು ಹೋಳನ್ನು ತುಸು ಅಂತರದಲ್ಲಿಟ್ಟಂತೆ ಎರಡು ಟೊಳ್ಳು ಲೋಹದ ಪೆಟ್ಟಿಗೆಗಳು. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರಬೇಕು. ಮೇಲೊಂದು ಕೆಳಗೊಂದು ಅಯಸ್ಕಾಂತ. ನಡುವಿನಲ್ಲಿ ಪ್ರೋಟಾನು ಹುಟ್ಟುತ್ತದೆ. ಹೋಳಿನೊಳಗೆ ವಿದ್ಯುತ್ ಕ್ಷೇತ್ರವಿಲ್ಲ, ಅಲ್ಲಿ ಬರಿಯ ತಿರುಗಾಟ. ಎರಡು ಹೋಳುಗಳ ನಡುವಿನ ಸಂದನ್ನು ದಾಟುವಾಗ ಒಂದು ತಳ್ಳು. ಅರ್ಧ ಸುತ್ತು ಹಾಕಿ ಮತ್ತೆ ಸಂದಿಗೆ ಬರುವಷ್ಟರಲ್ಲಿ ಧನ ಋಣ ಅದಲುಬದಲಾಗಿರುತ್ತದೆ, ಮತ್ತೊಂದು ತಳ್ಳು. ವೇಗ ಹೆಚ್ಚಿದಂತೆ ವೃತ್ತ ದೊಡ್ಡದಾಗುತ್ತ ದಾರಿ ಚಕ್ಕುಲಿಯ ಸುರುಳಿಯಾಗುತ್ತದೆ. ಅದಲುಬದಲಿನ ತಾಳವನ್ನು ಮಾತ್ರ ಬದಲಿಸಬೇಕಾಗಿಲ್ಲ. ಒಳಗಿನ ಎತ್ತಿಗೂ ಹೊರಗಿನ ಎತ್ತಿಗೂ ಸುತ್ತಿನ ಕಾಲ ಒಂದೇ ಅಲ್ಲವೆ? ಆ ಗುಣ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಬೇರೆ ಲೆಕ್ಕ ಹಾಕಬೇಕಾಗಿ ಇಡೀ ಉಪಾಯ ನೆಲಕಚ್ಚುತ್ತಿತ್ತು.

ಲಾರೆನ್ಸರ ವಿದ್ಯಾರ್ಥಿ ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ೧೯೩೧ರ ಜನವರಿಯಲ್ಲಿ ಓಡಿಸಿ ತೋರಿಸಿದ ಯಂತ್ರದ ಅಡ್ಡಳತೆ ನಾಲ್ಕೂವರೆ ಅಂಗುಲ. ಅಂಗೈ ಮೇಲೆ ಇಟ್ಟುಕೊಳ್ಳುವಂಥದು. ಸಂದುಗಳಿಗೆ ಬಳಿದದ್ದು ಅಂಚೆಯವರು ಬಳಸುವಂಥ ಅರಗು. ೨,೦೦೦ ವೋಲ್ಟಿಗೂ ಕಡಿಮೆ ತಳ್ಳನ್ನು ಮತ್ತೆ ಮತ್ತೆ ಕೊಟ್ಟು ಅದು ಕಣಗಳಿಗೆ ೮೦,೦೦೦ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ತುಂಬಿತು. ಮರುವರ್ಷದ ಹನ್ನೊಂದು ಅಂಗುಲದ ಯಂತ್ರ ಹತ್ತು ಲಕ್ಷ ದಾಟಿತು. ಸೈಕ್ಲೋಟ್ರಾನ್ ಎಂದು ಹೆಸರಾದ ಈ ಯಂತ್ರಕ್ಕಾಗಿ ಲಾರೆನ್ಸರಿಗೆ ೧೯೩೯ರ ನೊಬೆಲ್ ಬಹುಮಾನ ಬಂತು.

ಬಹುಮಾನಕ್ಕಿಂತ ನಮ್ಮ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಸಂಗತಿ. ಲಾರೆನ್ಸರ ತಾಯಿಯ ಹೆಸರು ಗುಂಡಾ. ನಾರ್ವೆ ಮೂಲದ ಹೆಸರಾದರೂ ನಮ್ಮ ಕಿವಿಗೆ ನೆರೆಮನೆಯ ಹೆಸರಿನಂತೆ ಕೇಳುತ್ತದೆ. ೧೯೩೭ರಲ್ಲಿ ಆಕೆಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಗದು, ಕೆಲವು ತಿಂಗಳು ಮಾತ್ರ ಎಂದರು ವೈದ್ಯರು. ವೈದ್ಯರೇ ಆಗಿದ್ದ ಇನ್ನೊಬ್ಬ ಮಗ ಜಾನ್, ತಾಯಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆತಂದ. ಅಲ್ಲಿ ಲಾರೆನ್ಸರ ಪ್ರಯೋಗಶಾಲೆಯಲ್ಲಿ ಹುಟ್ಟಿದ ಹತ್ತು ಲಕ್ಷ ವೋಲ್ಟಿನ ಎಕ್ಸ್‌ರೇ ಯಂತ್ರವಿತ್ತು. ಅದರ ಚಿಕಿತ್ಸೆ ಪಡೆದ ಆಕೆ ಮತ್ತೆ ಹದಿನೈದು ವರ್ಷಕ್ಕೂ ಮೇಲೆ ಬದುಕಿದರು. ಇದು ಸೈಕ್ಲೋಟ್ರಾನಿನ ಪ್ರೋಟಾನು ಅಲ್ಲ, ಅದರ ಸೋದರ ಯಂತ್ರದ ಎಕ್ಸ್‌ರೇ ಎಂಬುದನ್ನು ಮರೆಯಬಾರದು. ಎಲ್ಲ ತಾಯಂದಿರಿಗೂ ಆ ಭಾಗ್ಯ ಬರುವುದಿಲ್ಲವೆಂಬುದೂ ನಿಜ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಮೊದಲು ಮನಸ್ಸು ಕೊಟ್ಟವರು ಕಲ್ಕತ್ತೆಯ ಮೇಘನಾದ ಸಹಾ. ಅದೇ ಊರಿನಲ್ಲಿ ೧೯೭೭ರಲ್ಲಿ ೨೨೪ ಸೆಂಟಿಮೀಟರ್ ಅಡ್ಡಳತೆಯ ದೊಡ್ಡ ಸೈಕ್ಲೋಟ್ರಾನು ನಡೆಯತೊಡಗಿತು. ಅದನ್ನು ಕಟ್ಟಿದ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಆಗ ನಿರ್ದೇಶಕರಾಗಿದ್ದವರು ತಿಪಟೂರಿನಲ್ಲಿ ಹುಟ್ಟಿದ ನಮ್ಮ ರಾಜಾ ರಾಮಣ್ಣನವರು. ಇನ್ನು ಪರೇಲಿನಲ್ಲಿ ೨೦೦೨ರಿಂದ ಒಂದು ಸಣ್ಣ ವೈದ್ಯಕೀಯ ಸೈಕ್ಲೋಟ್ರಾನು ಬಂತು. ಪೆಟ್ ಸ್ಕ್ಯಾನ್ ಎಂಬ ಪರೀಕ್ಷೆಗೆ ಹೋದವರಿಗೆ ಚುಚ್ಚುವ ಔಷಧಿಯಲ್ಲಿರುವ ಫ್ಲೋರಿನ್ ಇಂಥ ಯಂತ್ರದಲ್ಲೇ ಹುಟ್ಟುವುದು. ಅದು ಸುಮಾರು ೧೧೦ ನಿಮಿಷಕ್ಕೆ ಅರ್ಧ ಕರಗಿಹೋಗುತ್ತದೆ. ತಯಾರಿಸಿದ ಔಷಧಿ ಮುಂಬಯಿಯ ರಸ್ತೆಗಳ ಸಂದಣಿಯಲ್ಲಿ ಗಡಿಯಾರದೊಡನೆ ಪಂದ್ಯ ಕಟ್ಟಿ ಓಡಬೇಕು.

ಆದರೆ ಹಂತಿಯ ಲೆಕ್ಕ ಒಂದು ಹಂತದಲ್ಲಿ ಕೈಕೊಡುತ್ತದೆ. ವೇಗ ಬೆಳಕಿನ ವೇಗದ ಹತ್ತಿರ ಹೋದಂತೆ ಕಣದ ತೂಕ ಏರುತ್ತದೆಂದು ಐನ್‌ಸ್ಟೈನರು ತೋರಿಸಿದ್ದಾರೆ. ತಲೆಯೊಳಗಿನ ಗಡ್ಡೆಯಾಗಲಿ ಹೊಟ್ಟೆಯೊಳಗಿನ ಗಡ್ಡೆಯಾಗಲಿ, ಅಲ್ಲಿಗೆ ತಲುಪಬೇಕಾದರೆ ಪ್ರೋಟಾನಿಗೆ ೨೩ ಕೋಟಿ ಎಲೆಕ್ಟ್ರಾನ್ ವೋಲ್ಟಿನ ತನಕ ಶಕ್ತಿ ತುಂಬುತ್ತಾರೆ. ಆಗ ಅದರ ವೇಗ ಬೆಳಕಿನ ವೇಗದ ನೂರಕ್ಕೆ ಅರವತ್ತರಷ್ಟು. ಒಂದು ಸೆಕೆಂಡಿನಲ್ಲಿ ಭೂಮಿಯನ್ನು ನಾಲ್ಕು ಸಲ ಸುತ್ತಿ ಮುಗಿಸುವ ಓಟ. ತೂಕವೂ ಕಾಲುಭಾಗದಷ್ಟು ಹೆಚ್ಚುತ್ತದೆ. ಹೊರಗಿನ ಎತ್ತು ದಪ್ಪಗಾಗಿ ಹಿಂದೆ ಬಿದ್ದರೆ ತಳ್ಳಿನ ತಾಳ ತಪ್ಪುತ್ತದೆ. ಪರಿಹಾರವನ್ನು ೧೯೩೮ರಲ್ಲೇ ಎಲ್. ಎಚ್. ಥಾಮಸ್ ಎಂಬವರು ಲೆಕ್ಕ ಹಾಕಿ ಹೇಳಿದ್ದರು: ಹೊರಕ್ಕೆ ಹೋದಂತೆ ಕಾಂತದ ಬಲವನ್ನು ಹೆಚ್ಚಿಸಿ, ಬಲ ಹೆಚ್ಚಿಸಿದರೆ ಕಣಗಳು ಚದುರದಂತೆ ಅಯಸ್ಕಾಂತದ ಮುಖವನ್ನು ಏರುತಗ್ಗಾಗಿ ಕಡೆಯಿರಿ, ಎಂದು. ಈಗಿನ ಹಲವು ಚಿಕಿತ್ಸಾ ಯಂತ್ರಗಳು ಆ ದಾರಿ ಹಿಡಿದವು. ನಮ್ಮ ದೇಶದಲ್ಲಿ ಚೆನ್ನೈಯ ಅಪೊಲೊ ಆಸ್ಪತ್ರೆಯವರು ೨೦೧೯ರಲ್ಲಿ, ಟಾಟಾ ಸ್ಮಾರಕ ಕೇಂದ್ರದ ಖಾರಘರದ ಆವರಣದವರು ೨೦೨೩ರಲ್ಲಿ ಪ್ರೋಟಾನ್ ಚಿಕಿತ್ಸೆ ಆರಂಭಿಸಿದರು. ಎರಡೂ ಕಡೆ ಇರುವುದು ಬೆಲ್ಜಿಯಮ್ಮಿನ ಒಂದು ಕಂಪನಿ ಕಟ್ಟಿದ ಯಂತ್ರ. ಸೈಕ್ಲೋಟ್ರಾನಿನ ಅಡ್ಡಳತೆ ಸುಮಾರು ೧೪ ಅಡಿ, ತೂಕ ಇನ್ನೂರು ಟನ್ನಿಗೂ ಮೇಲೆ. ಲಿವಿಂಗ್‌ಸ್ಟನ್ನರ ಅಂಗೈ ಯಂತ್ರದ ಮೊಮ್ಮಗ!

ಇನ್ನು ಅಜ್ಜಿಯ ಎರಡನೆಯ ಪ್ರಶ್ನೆಗೆ ಬರೋಣ. ಹುಬ್ಬಳ್ಳಿಯ ಕಿರಣವಿದ್ದಾಗ ಖಾರಘರದ ಪ್ರೋಟಾನು ಏಕೆ?

ಎಕ್ಸ್‌ರೇಗೆ ವಿದ್ಯುತ್ತಿಲ್ಲ. ಆದ್ದರಿಂದ ಅದು ದೇಹದೊಳಗೆ ಹೊಕ್ಕರೆ ತಡೆಯುವವರಿಲ್ಲದ ದಾರಿಹೋಕನಂತೆ, ದಾರಿಯುದ್ದಕ್ಕೂ ಅಷ್ಟಿಷ್ಟು ಸುಡುತ್ತ, ಗಡ್ಡೆಯನ್ನೂ ಸುಟ್ಟು, ಆಚೆಯ ಬದಿಯಿಂದ ಹೊರಗೆ ಹೋಗುತ್ತದೆ. ಪ್ರೋಟಾನು ವಿದ್ಯುತ್ತುಳ್ಳ ಕಣ. ಹಾದುಹೋಗುವ ದಾರಿಯ ಪ್ರತಿಯೊಂದು ಪರಮಾಣುವಿನ ಎಲೆಕ್ಟ್ರಾನನ್ನೂ ಅದು ಜಗ್ಗುತ್ತದೆ. ಜಗ್ಗಿದಷ್ಟು ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಜೋರಾಗಿ ಓಡುವಾಗ ಒಂದೊಂದರ ಬಳಿ ನಿಲ್ಲಲು ಪುರುಸೊತ್ತಿಲ್ಲ, ಆದ್ದರಿಂದ ಹಾನಿ ಕಡಿಮೆ. ಓಟ ತಗ್ಗಿದಂತೆ ಜಗ್ಗಾಟ ಹೆಚ್ಚುತ್ತದೆ, ಜಗ್ಗಾಟ ಹೆಚ್ಚಿದಂತೆ ಓಟ ಇನ್ನೂ ತಗ್ಗುತ್ತದೆ. ಕೊನೆಯ ಕೆಲವು ಮಿಲಿಮೀಟರಿನಲ್ಲಿ ಉಳಿದ ಗಂಟನ್ನೆಲ್ಲ ಚೆಲ್ಲಿ ನಿಂತುಬಿಡುತ್ತದೆ. ನಿಂತ ಜಾಗದ ಆಚೆಗೆ ಬಹುಮಟ್ಟಿಗೆ ಏನೂ ಇಲ್ಲ. ಇದೇ ಬಗೆಯ ಕಣಗಳ ಈ ನಡತೆಯನ್ನು ೧೯೦೪ರಲ್ಲಿ ವಿಲಿಯಂ ಹೆನ್ರಿ ಬ್ರ್ಯಾಗ್ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಕಂಡಿದ್ದರು. ಇದನ್ನು ರೋಗಿಗಳಿಗೆ ಉಪಯೋಗಿಸಬಹುದೆಂದು ೧೯೪೬ರಲ್ಲಿ ಬರೆದವರು ಲಾರೆನ್ಸರ ಶಿಷ್ಯ ರಾಬರ್ಟ್ ವಿಲ್ಸನ್. ಯುದ್ಧಕಾಲದಲ್ಲಿ ಅವರು ಲಾಸ್ ಅಲಾಮೊಸಿನಲ್ಲಿ ಅಣುಬಾಂಬಿನ ಕೆಲಸದಲ್ಲಿದ್ದವರು ಎಂಬುದನ್ನು ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ೧೯೫೪ರಲ್ಲಿ ಬರ್ಕ್ಲಿಯಲ್ಲೇ ಮೊದಲ ರೋಗಿಗಳಿಗೆ ಪ್ರೋಟಾನು ಕೊಟ್ಟರು.

ಎಲ್ಲಿ ನಿಲ್ಲಬೇಕೆಂಬುದನ್ನು ಶಕ್ತಿಯಿಂದ ನಿಗದಿ ಮಾಡಬಹುದು. ೭ ಕೋಟಿ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನು ನೀರಿನಲ್ಲಿ ೪ ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ೨೩ ಕೋಟಿಯದು ೩೩ ಸೆಂಟಿಮೀಟರ್ ತನಕ ಹೋಗುತ್ತದೆ. ಸೈಕ್ಲೋಟ್ರಾನು ಕೊಡುವುದು ಒಂದೇ ಶಕ್ತಿ. ಹೊರಬಂದ ಕಣಗಳನ್ನು ಬೇಕಾದ ದಪ್ಪದ ತಡೆಯ ಮೂಲಕ ಹಾಯಿಸಿ ನಿಧಾನಗೊಳಿಸುತ್ತಾರೆ. ಆಮೇಲೆ ಅಯಸ್ಕಾಂತದಿಂದ ಬಾಗಿಸುತ್ತಾರೆ. ಸರಿಯಾದ ವೇಗದವು ಮಾತ್ರ ಸರಿಯಾದಷ್ಟು ಬಾಗಿ ಮುಂದಿನ ಕಂಡಿಯಲ್ಲಿ ನುಸುಳುತ್ತವೆ, ಉಳಿದವು ಗೋಡೆಗೆ ಬಡಿಯುತ್ತವೆ. ಜರಡಿ ಹಿಡಿದಂತೆ ಎನ್ನಬಹುದು. ಕೊನೆಗೆ ನೂರು ಟನ್ನಿನಷ್ಟು ಭಾರದ ದೊಡ್ಡ ಉಕ್ಕಿನ ಚಕ್ರವೊಂದು ಅಯಸ್ಕಾಂತಗಳನ್ನು ಹೊತ್ತು ರೋಗಿಯ ಸುತ್ತ ತಿರುಗಿ, ಯಾವ ಬದಿಯಿಂದ ಬೇಕೋ ಆ ಬದಿಯಿಂದ ಕಣಗಳನ್ನು ಇಳಿಸುತ್ತದೆ. ಗಡ್ಡೆ ದೊಡ್ಡದು, ಕಣಗಳ ಧಾರೆ ಸಣ್ಣದು. ಅದಕ್ಕಾಗಿ ಎರಡು ಅಯಸ್ಕಾಂತಗಳು ಧಾರೆಯನ್ನು ಅಡ್ಡಕ್ಕೂ ಉದ್ದಕ್ಕೂ ಆಡಿಸಿ, ಗಡ್ಡೆಯನ್ನು ಚುಕ್ಕೆ ಚುಕ್ಕೆಯಾಗಿ, ಪದರ ಪದರವಾಗಿ ತುಂಬಿಸುತ್ತವೆ. ನಮ್ಮ ಹಳೆಯ ಟಿ.ವಿ. ಪೆಟ್ಟಿಗೆಯ ಬೆನ್ನಿನಲ್ಲಿ ಎಲೆಕ್ಟ್ರಾನು ಚಿತ್ರ ಬರೆಯುತ್ತಿದ್ದುದೂ ಹೀಗೆಯೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ಪ್ರೋಟಾನು ಎಲ್ಲ ರೋಗಿಗಳಿಗೂ ಬೇಕಾದ ಚಿಕಿತ್ಸೆಯಲ್ಲ. ಹಲವು ಕ್ಯಾನ್ಸರುಗಳಿಗೆ ಎಕ್ಸ್‌ರೇಯೇ ಸಾಕು, ಅದರಿಂದ ಗುಣವಾದವರು ಲಕ್ಷಾಂತರ ಮಂದಿ. ಪಕ್ಕದಲ್ಲೇ ನಾಜೂಕಾದ ಅಂಗವಿದ್ದಾಗ, ಅದರಲ್ಲೂ ಇನ್ನೂ ಬೆಳೆಯಬೇಕಾದ ಮಕ್ಕಳಲ್ಲಿ, ಆಚೆಬದಿಗೆ ಸುಡದಿರುವ ಗುಣಕ್ಕೆ ಬೆಲೆ ಹೆಚ್ಚು. ಯಂತ್ರ ಬಲು ದುಬಾರಿ. ಯಾರಿಗೆ ಯಾವುದೆಂದು ಹೇಳಬೇಕಾದವರು ವೈದ್ಯರು, ಬಿ.ಎ. ಓದಿದ ಗುಮಾಸ್ತರಲ್ಲ. ಈ ಲೇಖನ ಓದಿ ಯಾರೂ ನಡೆಯುತ್ತಿರುವ ಚಿಕಿತ್ಸೆಯನ್ನು ಬಿಟ್ಟು ಓಡಬಾರದು.

ಆರು ವಾರ ಹುಡುಗನೂ ಅವನ ತಂದೆಯೂ ಚೆಂಬೂರಿನಿಂದ ಹಾರ್ಬರ್ ಗಾಡಿಯಲ್ಲಿ ಖಾರಘರಕ್ಕೆ ಹೋಗಿಬಂದರು. ಭಾನುವಾರ ಬಿಡುವಿದ್ದಾಗ ಹುಡುಗ ನಮ್ಮ ಮಗಳೊಡನೆ ಚೌಕಾಬಾರ ಆಡುತ್ತಿದ್ದ. ತಲೆ ಅಲುಗದಂತೆ ಅವನ ಮುಖದ ಅಚ್ಚಿಗೆ ಸರಿಯಾಗಿ ಮಾಡಿದ ಜಾಳಿಗೆಯ ಮುಖವಾಡವನ್ನು ಹಾಕಿ ಮಲಗಿಸುತ್ತಿದ್ದರಂತೆ. ಮೊದಲ ದಿನ ಅತ್ತನಂತೆ, ಆಮೇಲೆ ಇಲ್ಲ. ನೋವಾಗಲಿಲ್ಲವೆಂದು ಅವನೇ ಹೇಳಿದ. ಎರಡನೆಯ ವಾರದ ಹೊತ್ತಿಗೆ ಒಂದು ಬದಿಯ ಕೂದಲು ಉದುರಿತು. ನಮ್ಮ ಕ್ಯಾಲೆಂಡರಿನ ಹಂತಿಯನ್ನು ಅವನು ಆಸ್ಪತ್ರೆಗೆ ಒಯ್ದು ಅಲ್ಲಿನ ತಂತ್ರಜ್ಞರೊಬ್ಬರಿಗೆ ತೋರಿಸಿದನಂತೆ. ಅವರು ಮಲಯಾಳಿ, ಎತ್ತುಗಳನ್ನು ನೋಡಿ ಏನೆಂದು ತಿಳಿದರೋ ಗೊತ್ತಿಲ್ಲ.

ಹೊರಡುವ ಹಿಂದಿನ ರಾತ್ರಿ ಅಜ್ಜಿ ಕೊನೆಯ ಪ್ರಶ್ನೆ ಕೇಳಿದರು. “ಒಳಗ ಹೋಗಿ ನಿಂತವಲ್ಲ, ಅವು ಅಲ್ಲೇ ಇರತಾವೇನು? ತಲ್ಯಾಗ?”

ಈ ಸಲ ನಮಗೆ ಉತ್ತರ ಗೊತ್ತಿತ್ತು. ನಿಂತ ಪ್ರೋಟಾನು ಹತ್ತಿರದ ಒಂದು ಎಲೆಕ್ಟ್ರಾನನ್ನು ಹಿಡಿದುಕೊಂಡು ಮತ್ತೆ ಸಾಮಾನ್ಯ ಜಲಜನಕವಾಗುತ್ತದೆ. ಒಂದು ದಿನದ ಚಿಕಿತ್ಸೆಯಲ್ಲಿ ಒಳಹೋಗುವ ಪ್ರೋಟಾನುಗಳು ಸಾವಿರಾರು ಕೋಟಿ. ಆದರೆ ಅಷ್ಟನ್ನೂ ಕೂಡಿಸಿ ತೂಗಿದರೆ ಒಂದು ಸಾಸಿವೆಕಾಳಿನ ನೂರು ಕೋಟಿಯಲ್ಲಿ ಒಂದು ಪಾಲೂ ಆಗುವುದಿಲ್ಲ. “ನೀರಿನಾಗಿನ ಜಲಜನಕ ಆಗಿ ಕಲತು ಹೋಗತಾವ, ಅಜ್ಜಿ,” ಎಂದೆವು, ಅವರ ಮಾತಿನಲ್ಲೇ.

ಅಜ್ಜಿ ಸ್ವಲ್ಪ ಹೊತ್ತು ಆಲೋಚಿಸಿ, “ಹಂಗಾರ ಆತು,” ಎಂದು ಎದ್ದು, ದಾರಿಯ ಬುತ್ತಿಗೆ ರೊಟ್ಟಿ ಬಡಿಯಲು ಹಿಟ್ಟು ತೆಗೆದರು. ಪುಷ್ಯ ಮಾಸದಲ್ಲಿ ಮೊದಲ ಸ್ಕ್ಯಾನ್ ಆಯಿತು. ಗಡ್ಡೆ ಬೆಳೆದಿಲ್ಲ, ಕಣ್ಣು ಕಾಣುತ್ತಿದೆ ಎಂದು ಹುಡುಗನ ತಂದೆ ಫೋನಿನಲ್ಲಿ ಹೇಳಿದರು. ಮುಂದಿನ ಸ್ಕ್ಯಾನಿಗೆ ಮತ್ತೆ ಬರುತ್ತಾರೆ. ಚಾಪೆ, ಕಂಬಳಿ ಎತ್ತಿಟ್ಟಿದ್ದೇವೆ.